ಅಶ್ವಿನಿಯ ಹಳೇ ಡಬ್ಬ, ಮೇಧಾಳ ಹೊಸ ಪೆಟ್ಟಿಗೆ

ಕಡೂರಿನಲ್ಲಿ ಮಲ್ಲಿಕಾರ್ಜುನಯ್ಯನವರ ಪೈಪು, ನಲ್ಲಿ ಸಾಮಾನಿನ ಅಂಗಡಿಗೆ ಹೋದವರಿಗೆಲ್ಲ ಅಶ್ವಿನಿ ಗೊತ್ತು. ಗಲ್ಲಾದ ಪಕ್ಕ ಕೂತು ಬಿಲ್ ಮಾಡುವ ಮಗಳು. ಬೋರ್‌ವೆಲ್ಲಿಗೆ ಪೈಪು ಕೊಳ್ಳಲು ಪಂಚನಹಳ್ಳಿ, ಸಿಂಗಟಗೆರೆ ಕಡೆಯಿಂದ ಬಂದವರು ಎಷ್ಟೇ ಚೌಕಾಸಿ ಮಾಡಿದರೂ ನಗುನಗುತ್ತಲೇ ಬಗ್ಗದ ಹೆಂಗಸು. ಆದರೆ ಅಂಗಡಿಯ ಷಟರ್ ಎಳೆದ ಮೇಲೆ ಇವಳು ಮಹಡಿಯ ಕೋಣೆಗೆ ಹೋಗಿ, ಕಂಪ್ಯೂಟರ್ ಮುಂದೆ ಕೂತು, ಕಡಿದಾದ ಬೆಟ್ಟದ ರಸ್ತೆಗಳಲ್ಲಿ ರೇಸ್ ಕಾರು ಓಡಿಸುತ್ತಾಳೆ ಎಂಬುದು ಮನೆಯವರನ್ನು ಬಿಟ್ಟರೆ ಊರಲ್ಲಿ ಯಾರಿಗೂ ಅಷ್ಟಾಗಿ ತಿಳಿಯದು.

ಆ ಕಂಪ್ಯೂಟರು ಮೊದಲು ಅಂಗಡಿಯದೇ. ಬಿಲ್ ಮಾಡಿ ಮಾಡಿ ಸುಸ್ತಾಗಿದ್ದ ಅದನ್ನು ಅಪ್ಪ ಗುಜರಿಗೆ ಹಾಕಲು ಹೊರಟಾಗ ಅಶ್ವಿನಿ ತಡೆದು ಮೇಲೆ ಹೊತ್ತೊಯ್ದಳು. ಒಂದು ಯುಗಾದಿಗೆ ಅದಕ್ಕೆ ಹೊಸ ರ‍್ಯಾಮ್ ಬಂತು. ಆಮೇಲೆ ಹೊಸ ಡಿಸ್ಕು. ಆಮೇಲೆ ಆಟದ ಚಿತ್ರಗಳನ್ನು ಸರಾಗವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡು, ಯಾರೋ ಬಳಸಿ ಬಿಟ್ಟದ್ದು. ಅದು ಬಂದ ಮೇಲೆ ಹಳೆಯ ಪವರ್ ಸಪ್ಲೈ ಭಾರ ತಾಳದೆ ಢಪ್ಪೆಂದಿತು, ಅದನ್ನೂ ಬದಲಿಸಬೇಕಾಯಿತು. ಒಂದು ಸರಿಹೋದರೆ ಇನ್ನೊಂದು ನರಳುತ್ತಿತ್ತು. ತಾಯಿ ವಿಮಲಮ್ಮ ಬಾಗಿಲಲ್ಲಿ ನಿಂತು, "ಈ ಡಬ್ಬಕ್ಕೆ ಇನ್ನೂ ಏನೇನು ತಿನ್ನಿಸ್ತೀಯೇ? ಎಮ್ಮೆ ಸಾಕಿದ್ರೆ ಹಾಲಾದ್ರೂ ಕೊಡ್ತಿತ್ತು" ಎನ್ನುವರು. ಅಶ್ವಿನಿಗೆ ಮಾತ್ರ ಹೊಸ ಭಾಗ ಬಂದ ದಿನವೆಲ್ಲ ಹಬ್ಬ.

ತರೀಕೆರೆಯ ಮೇಧಾ ಅವಳ ಕಾಲೇಜು ಗೆಳತಿ. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ. ಮನೆಯಿಂದ ಬಂದ ಕೋಡುಬಳೆಯನ್ನು ಅಶ್ವಿನಿ ಬಂದ ದಿನವೇ ಮುಗಿಸಿದರೆ, ಮೇಧಾಳ ಡಬ್ಬಿಯಲ್ಲಿ ಮುಂದಿನ ತಿಂಗಳವರೆಗೂ ಇರುತ್ತಿತ್ತು. ಈಗ ಅವಳು ತರೀಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರು. ಇಬ್ಬರೂ ಸಂಜೆ ತಂತಮ್ಮ ಮನೆಯಿಂದಲೇ ಒಟ್ಟಿಗೆ ಆಡುತ್ತಿದ್ದರು. ಮೇಧಾಳ ಲ್ಯಾಪ್‌ಟಾಪು ಕೈಕೊಟ್ಟ ದಿನ ಅಶ್ವಿನಿ, "ಸೆಕೆಂಡ್ ಹ್ಯಾಂಡ್ ಒಂದು ತಗೊಂಡು ಸ್ವಲ್ಪ ಸ್ವಲ್ಪ ರೆಡಿ ಮಾಡ್ಕೋ ಕಣೇ. ನಾನಿಲ್ವಾ?" ಎಂದಿದ್ದಳು.

"ಬೇಡ ಕಣೇ. ತೇಪೆ ಹಾಕೋದು ನನ್ ಕೈಲಾಗಲ್ಲ. ಕೂಡಿಟ್ಟು ಒಂದೇ ಸಲ ಹೊಸದು ತಗೋತೀನಿ. ಅಲ್ಲಿವರೆಗೂ ಆಟಾನೇ ಬೇಡ."

ಹಾಗೆಂದವಳು ಹಾಗೇ ಇದ್ದುಬಿಟ್ಟಳು. ಎರಡು ವರ್ಷ ಆಟದ ಸುದ್ದಿಗೇ ಬರಲಿಲ್ಲ. 'ತೇಪೆ' ಎಂಬ ಮಾತು ಅಶ್ವಿನಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಫೋನಿನಲ್ಲಿ "ಎಲ್ಲಿಗ್ ಬಂತಮ್ಮಾ ನಿನ್ನ ಐರಾವತ?" ಎಂದು ಅಣಕಿಸುವಳು. ಒಳಗೊಳಗೇ ಮೇಧಾ ಎಂದಾದರೂ ಸೋತು ಖರ್ಚು ಮಾಡಿಬಿಡಲಿ ಎಂದು ಕಾಯುವಳು. ಮೇಧಾ ಸೋಲಲಿಲ್ಲ. ಒಂದು ಆಷಾಢದಲ್ಲಿ ಫೋನು ಬಂತು: "ಬಂತು ಕಣೇ! ಭಾನುವಾರ ಬಾ."

ಬಸ್ಸು ಬೀರೂರು ದಾಟುವವರೆಗೂ ಅಶ್ವಿನಿ ಒಳ್ಳೆಯ ಮಾತುಗಳನ್ನೇ ಜೋಡಿಸಿಕೊಳ್ಳುತ್ತಿದ್ದಳು. ಮೇಧಾಳ ಕೋಣೆಯ ಬಾಗಿಲಲ್ಲಿ ಅವೆಲ್ಲ ಮರೆತೇಹೋದವು. ಗಾಜಿನ ಪಕ್ಕೆಯ ಕರಿ ಪೆಟ್ಟಿಗೆ, ಒಳಗೆ ತಿಳಿನೀಲಿ ಬೆಳಕು. ಒಂದು ಗೀರಿಲ್ಲ, ತನ್ನ ಡಬ್ಬದ ಹಾಗೆ ಹಗ್ಗ ಕಟ್ಟಿದ ಗುರುತಿಲ್ಲ. ಅವಳು ಹೆಸರು ಕೇಳಿ, ಚಿತ್ರ ನೋಡಿ ಮಾತ್ರ ತಿಳಿದಿದ್ದ ಗ್ರಾಫಿಕ್ಸ್ ಕಾರ್ಡು ಅದರೊಳಗೆ ಪಟ್ಟಾಗಿ ಕೂತಿತ್ತು. ಮೇಧಾಳ ತಾಯಿ ಪುಟ್ಟಲಕ್ಷ್ಮಿ ಅದಕ್ಕೆ ಅರಿಶಿನ ಕುಂಕುಮವನ್ನೂ ಇಟ್ಟಿದ್ದರು. ಅಶ್ವಿನಿಯ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು.

"ವೈರೆಲ್ಲಾ ನಾನೇ ಜೋಡಿಸ್ದೆ, ಸರ್‌ಪ್ರೈಸ್ ಇರ್ಲಿ ಅಂತ" ಎಂದು ಮೇಧಾ ಆಟ ಹಚ್ಚಿದಳು. ಆದರೆ ಕಾರು ಎರಡು ತಿರುವು ಓಡಿ ಮುಗ್ಗರಿಸಿತು. ರಸ್ತೆ ತುಂಡು ತುಂಡಾಗಿ ಜಿಗಿಯಿತು. ಮೇಧಾಳ ಮುಖ ಸಣ್ಣದಾಯಿತು. "ಯಾಕೋ ನಿಂದಕ್ಕಿಂತ ನಿಧಾನ ಅನ್ಸುತ್ತಲ್ವೇನೇ?"

ಅಶ್ವಿನಿ ಬಗ್ಗಿ ಹಿಂಬದಿ ನೋಡಿದಳು. ಒಂದೇ ನೋಟಕ್ಕೆ ತಿಳಿಯಿತು. ಪರದೆಯ ವೈರನ್ನು ಸಿಕ್ಕಿಸಲು ಪೆಟ್ಟಿಗೆಯ ಹಿಂದೆ ಒಂದೇ ಥರದ ಕಿಂಡಿಗಳು ಎರಡು ಕಡೆ ಇರುತ್ತವೆ, ಒಂದು ಮೇಲೆ, ಒಂದು ಕೆಳಗೆ. ಕೆಳಗಿನದಕ್ಕೆ ಹಾಕಿದರೆ ಮಾತ್ರ ಆ ದುಬಾರಿ ಕಾರ್ಡು ಕೆಲಸ ಮಾಡುತ್ತದೆ. ಮೇಧಾ ಮೇಲಿನದಕ್ಕೆ ಹಾಕಿದ್ದಳು. ಅಶ್ವಿನಿ ತಾನೇ ಮೊದಲ ಸಲ ಕಾರ್ಡು ಹಾಕಿದಾಗ ಅದೇ ತಪ್ಪು ಮಾಡಿದ್ದಳು. ಬಾಯಿ ತೆರೆದಳು. ಬಂದ ಮಾತೇ ಬೇರೆ.

"ಹೊಸದಲ್ವಾ, ಹೊಂದ್ಕೊಳ್ಳುತ್ತೆ ಬಿಡು."

ಹೋಳಿಗೆ ಊಟ ಉಂಡು ಬಂದಳು. ವಾಪಸು ಬಸ್ಸಿನಲ್ಲಿ ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಸಂಜೆ ಇಬ್ಬರೂ ಆಡಿದರು, ಅಶ್ವಿನಿಯ ಹಳೇ ಡಬ್ಬ ಮೇಧಾಳ ಹೊಸ ಪೆಟ್ಟಿಗೆಯನ್ನು ಹಿಂದೆ ಹಾಕಿತು. ಆ ಗೆಲುವಿನ ರುಚಿ ನಾಲಗೆಗೆ ಹತ್ತಿಕೊಂಡಿತು. ಅದರ ಮರುದಿನವೂ ಹೇಳಲಿಲ್ಲ. ಮೇಧಾ ಮಾರಿದವರಿಗೆ ಫೋನು ಮಾಡಿ ಕೇಳಿದಳು, ಅವರು ಎಲ್ಲ ಸರಿಯಾಗಿಯೇ ಕಳಿಸಿದ್ದೇವೆ ಎಂದರು. ಅಶ್ವಿನಿ ಫೋನಿನಲ್ಲಿ ಅಯ್ಯೋ ಪಾಪ ಎಂದಳು. ಫೋನಿಟ್ಟ ಮೇಲೆ ಹಗುರಾಗಿ ಹಾಡು ಗುನುಗಿದಳು.

ಶ್ರಾವಣದ ಕೊನೆಗೆ ಮೇಧಾ ಮತ್ತೆ ಫೋನು ಮಾಡಿದಳು. ದನಿಯಲ್ಲಿ ಜೀವವಿರಲಿಲ್ಲ.

"ನೀನೇ ಸರಿ ಕಣೇ ಅಶ್ವಿನಿ. ಸ್ವಲ್ಪ ಸ್ವಲ್ಪ ಮಾಡ್ಕೊಂಡಿದ್ರೆ ಚೆನ್ನಾಗಿರ್ತಿತ್ತು. ಇಷ್ಟು ದುಡ್ಡು ಹಾಳ್ಮಾಡ್ದೆ ಅಂತ ಅಪ್ಪನ್ನ ನೋಡಿದ್ರೆ ನಾಚಿಕೆ ಆಗುತ್ತೆ. ಅಜ್ಜಂಪುರದಲ್ಲಿ ದೇವರಾಜ ಅಂತ ಮದುವೆ ವಿಡಿಯೋ ಮಾಡೋರು ಕೇಳಿದಾರೆ. ಅರ್ಧ ರೇಟಿಗೆ. ಕೊಟ್ಬಿಡ್ತೀನಿ."

ಎರಡು ವರ್ಷದಿಂದ ಕೇಳಬೇಕೆಂದು ಕಾದಿದ್ದ 'ನೀನೇ ಸರಿ' ಎಂಬ ಮಾತು ಬಂದಿತ್ತು. ಅಶ್ವಿನಿಗೆ ಅದು ಕೇಳಿಸಲೇ ಇಲ್ಲ. ಅರ್ಧ ರೇಟು ಎಂಬುದಷ್ಟೇ ಕೇಳಿಸಿತು.

"ಅವರಿಗ್ಯಾಕೆ? ನಾನೇ ತಗೋತೀನಿ. ನಂಗೆ ಹೆಂಗೂ ಬಿಚ್ಚಿ ಜೋಡಿಸೋ ಹುಚ್ಚು."

ಮೇಧಾ, "ನಿಂಗಾದ್ರೆ ಅವ್ರಿಗಿಂತ್ಲೂ ಕಮ್ಮಿಗೆ ಕೊಡ್ತೀನಿ ಕಣೇ. ನಂಗೋಸ್ಕರ ಸುಮ್ನೆ ತಗೋತಿದೀಯ ಅಂತ ಗೊತ್ತು" ಎಂದಳು.

ಮರು ಭಾನುವಾರ ಅಂಗಡಿಯ ಗೂಡ್ಸ್ ಆಟೋದಲ್ಲಿ ಹೊರಟಾಗ ಅಶ್ವಿನಿಯ ಮಡಿಲಲ್ಲಿ ಎರಡು ದಿಂಬುಗಳಿದ್ದವು, ಪೆಟ್ಟಿಗೆ ಅಲುಗಾಡದಂತೆ ಒತ್ತು ಕೊಡಲು. ಡ್ರೈವರ್ ಓಬಳಪ್ಪ, "ಏನಮ್ಮಾ, ಬಾಣಂತಿ ಕರ್ಕೊಂಡ್ ಬರೋಕೆ ಹೊಂಟಂಗಿದೆ" ಎಂದು ನಕ್ಕ. ಅವಳೂ ನಕ್ಕಳು. ಮನಸ್ಸಿನಲ್ಲಿ ಆಗಲೇ ತನ್ನ ಮೇಜಿನ ಮೇಲೆ ಜಾಗ ಬಿಡಿಸಿ ಆಗಿತ್ತು.

ಮೇಧಾ ಗಾಜು ಒರೆಸಿಟ್ಟಿದ್ದಳು. ಬಂದಿದ್ದ ರಟ್ಟಿನ ಡಬ್ಬ, ಥರ್ಮಾಕೋಲು, ಸಣ್ಣ ಸ್ಕ್ರೂಗಳ ಚೀಲ ಎಲ್ಲ ಸಾಲಾಗಿ ಇಟ್ಟಿದ್ದಳು. ತಂದೆ ದ್ವಾರಕಾನಾಥರು ಹಜಾರದಲ್ಲಿ ಪೇಪರಿನಿಂದ ತಲೆಯೆತ್ತಲಿಲ್ಲ. ಪುಟ್ಟಲಕ್ಷ್ಮಿ ಕಾಫಿ ಕೊಡುತ್ತಾ, "ನಮ್ಮ ಹುಡುಗಿ ಎರಡು ದೀಪಾವಳಿಗೆ ಒಂದು ಬಟ್ಟೆ ತಗೊಂಡಿಲ್ಲ ಕಣಮ್ಮ. ನಿನ್ನ ಹತ್ರ ಆದ್ರೂ ಚೆನ್ನಾಗಿ ನಡೀಲಿ" ಎಂದರು.

"ನೀನೇ ಬಿಚ್ಚು" ಎಂದು ಮೇಧಾ ಹಿಂದೆ ಸರಿದು ಮಂಚದ ಮೇಲೆ ಕೂತಳು. "ನನ್ ಕೈಲಾಗಲ್ಲ."

ಅಶ್ವಿನಿ ಮೇಜಿನ ಹಿಂದೆ ಬಗ್ಗಿದಳು. ಪರದೆಯ ವೈರು ಅದೇ ತಪ್ಪು ಕಿಂಡಿಯಲ್ಲಿತ್ತು. ಕಿತ್ತಳು. ಸುತ್ತಿ ಚೀಲಕ್ಕೆ ಹಾಕಿದರೆ ಮುಗಿಯಿತು. ಇನ್ನು ಯಾರಿಗೂ ಎಂದೂ ತಿಳಿಯದು. ಬೆನ್ನ ಹಿಂದೆ ಮೇಧಾ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಅಳುವುದನ್ನು ತೋರಗೊಡದೆ ಅಳುವವರ ಸದ್ದು ಅದು. ಹಾಸ್ಟೆಲ್ಲಿನ ಮೂರು ವರ್ಷದಲ್ಲಿ ಮೇಧಾ ಅತ್ತಿದ್ದನ್ನು ಅಶ್ವಿನಿ ಕಂಡಿರಲಿಲ್ಲ.

ಅವಳು ಆ ವೈರನ್ನು ಕೆಳಗಿನ ಕಿಂಡಿಗೆ ಒತ್ತಿದಳು. ಎದ್ದು, "ಒಂದ್ಸಲ ಆನ್ ಮಾಡೇ" ಎಂದಳು.

"ಯಾಕೆ?"

"ಮಾಡು ಅಂದ್ನಲ್ಲಾ."

ಕಾರು ಬೆಟ್ಟದ ರಸ್ತೆಯಲ್ಲಿ ಎಣ್ಣೆ ಸುರಿದಂತೆ ಜಾರಿಕೊಂಡು ಹೋಯಿತು. ರಸ್ತೆಯಂಚಿನ ಹುಲ್ಲು ಒಂದೊಂದು ಎಸಳೂ ಬೇರೆಯಾಗಿ ಬಾಗುತ್ತಿತ್ತು. ಮೇಧಾ "ಅಮ್ಮಾ! ಅಪ್ಪಾ!" ಎಂದು ಕಿರುಚಿ ಎದ್ದಳು. ದ್ವಾರಕಾನಾಥರು ಕನ್ನಡಕ ಹುಡುಕುತ್ತಾ ಓಡಿಬಂದರು. ಮೂವರೂ ಪರದೆಗೆ ಮುಗಿಬಿದ್ದರು. ಅಶ್ವಿನಿ ಗೋಡೆಗೆ ಒರಗಿ ನಿಂತು ನೋಡಿದಳು. ಒಳ್ಳೆಯದು ಮಾಡಿದ ಸಮಾಧಾನ ಬರಲಿ ಎಂದು ಕಾದಳು. ಬಂದದ್ದು ಅದೇ ಮೆಣಸಿನಕಾಯಿಯ ಉರಿ.

ಅಪ್ಪ ಅಮ್ಮ ಹೊರಗೆ ಹೋದ ಮೇಲೆ ಮೇಧಾ ತಿರುಗಿದಳು. ನಗು ಇನ್ನೂ ಮುಖದಲ್ಲಿತ್ತು. "ಹೆಂಗ್ ಗೊತ್ತಾಯ್ತೇ? ಈಗ್ ನೋಡಿದ್ಯಾ?"

ಹೂಂ ಎಂದರೆ ಸಾಕಿತ್ತು.

"ಇಲ್ಲ. ಮೊದಲ್ನೇ ದಿನವೇ."

ಮೇಧಾಳ ನಗು ಅಳಿಸಿಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಟೀಚರಂತೆ ಮೊದಲಿನಿಂದ ಲೆಕ್ಕ ಹಾಕಿದಳು. "ಆಗ್ಲೇ ಗೊತ್ತಿತ್ತು. ನಾನು ಫೋನ್ ಮಾಡ್ದಾಗ್ಲೂ ಗೊತ್ತಿತ್ತು. ತಗೋತೀನಿ ಅಂದಾಗ್ಲೂ."

"ಹೊಟ್ಟೆಕಿಚ್ಚಾಯ್ತು ಕಣೇ" ಎಂದಳು ಅಶ್ವಿನಿ.

"ಹೋಗು ಈಗ."

ಹೊರಗೆ ಓಬಳಪ್ಪ ಖಾಲಿ ಆಟೋವನ್ನೂ ಅವಳ ಮುಖವನ್ನೂ ನೋಡಿ ಗಾಡಿ ಹೊರಡಿಸಿದ.

ದಸರೆ ಕಳೆಯಿತು, ದೀಪಾವಳಿ ಕಳೆಯಿತು, ಮೇಧಾ ಫೋನು ಎತ್ತಲಿಲ್ಲ. ಸಂಜೆ ಆಟ ಹಚ್ಚಿದಾಗ ಪರದೆಯ ಮೂಲೆಯಲ್ಲಿ ಅವಳ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತಿತ್ತು. ಬೇರೆ ಯಾರ ಜೊತೆಗೋ ಆಡುತ್ತಿದ್ದಾಳೆ. ಆ ಯಾರೋ ಒಬ್ಬರ ಮೇಲೂ ಅಶ್ವಿನಿಗೆ ಹೊಟ್ಟೆ ಉರಿಯುತ್ತಿತ್ತು. ತಾನೂ ಕೂಡಿಡುತ್ತೇನೆ ಎಂದು ಒಂದು ಹುಂಡಿ ಮಾಡಿದಳು. ಅದು ಸಂಕ್ರಾಂತಿಯವರೆಗೆ ಬಾಳಿತು. ಆ ದುಡ್ಡಲ್ಲಿ ಹಳೇ ಡಬ್ಬಕ್ಕೆ ಹೊಸ ಫ್ಯಾನು ಬಂತು.

ಶಿವರಾತ್ರಿ ಹತ್ತಿರವಿದ್ದಾಗ ಒಂದು ಮಧ್ಯಾಹ್ನ ಮೇಧಾ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಬಚ್ಚಲಿನ ನಲ್ಲಿ ಬೇಕಿತ್ತು ಎಂದಳು. ತರೀಕೆರೆಯಲ್ಲಿ ಸಿಗದ ನಲ್ಲಿಯೇನಲ್ಲ ಅದು. ಅಶ್ವಿನಿ ಬಿಲ್ ಮಾಡಿದಳು.

"ನಂಗೆ ಸಿಟ್ಟು ಇನ್ನೂ ಹೋಗಿಲ್ಲ" ಎಂದಳು ಮೇಧಾ.

"ಗೊತ್ತು."

"ಹೊಟ್ಟೆಕಿಚ್ಚು ಹೋಯ್ತಾ ನಿಂಗೆ?"

ಅಶ್ವಿನಿ ತಲೆಯೆತ್ತಿದಳು. "ಇಲ್ಲ ಕಣೇ. ಎಲ್ಲಿಂದ ಹೋಗುತ್ತೆ? ದಿನಾ ನೀನು ಆಡೋದ್ ನೋಡ್ತೀನಲ್ಲಾ."

ಮೇಧಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾದವಳಂತೆ ನಲ್ಲಿಯನ್ನು ಚೀಲಕ್ಕೆ ತುರುಕಿ, "ಸಂಜೆ ಬಾ ಆಟಕ್ಕೆ. ಸೋಲಿಸ್ತೀನಿ" ಎಂದು ಮೆಟ್ಟಿಲಿಳಿದಳು.

ಸಂಜೆ ಅಶ್ವಿನಿ ಆಡಿದ ಎಲ್ಲ ಆಟವನ್ನೂ ಸೋತಳು. ಉರಿದುಕೊಂಡಳು, ಹಲ್ಲು ಕಚ್ಚಿದಳು, ಇನ್ನೊಂದು ಆಡೋಣ ಎಂದಳು.