ಮೊನಿಕಾ ಬಾಯಿ ಕೇಳುತ್ತಿದ್ದ ಹೆಸರು

ಮೊನಿಕಾ ಬಾಯಿಯನ್ನು ಹೊರಗಿನಿಂದ ಎಷ್ಟು ಕೂಗಿದರೂ ಅವರು "ಓ" ಎನ್ನುತ್ತಿರಲಿಲ್ಲ. ಕಿವಿಯ ದೋಷವಲ್ಲ. ಪಂಪ್‌ವೆಲ್ ಫ್ಲೈಓವರಿನ ಕಡೆಯಿಂದ ಬರುವ ಹಾರ್ನ್ ಕೇಳಿ ಅದು ಯಾವ ಬಸ್ಸೆಂದು ಹೇಳುವಷ್ಟು ಚುರುಕು ಕಿವಿ. ಆದರೆ ಬಾಗಿಲ ಹೊರಗೆ ನಿಂತವರು ಮೊದಲು ಯೇಸುವಿನ ಹೆಸರು ಹೇಳಬೇಕು, ಆಮೇಲೆಯೇ ಒಳಗಿನಿಂದ ಉತ್ತರ. ಹೇಳದಿದ್ದರೆ ಪಕ್ಕದ ಕಿಟಕಿಯ ಪರದೆ ಒಂದಿಂಚು ಸರಿಯುತ್ತಿತ್ತು. ಒಂದು ಕಣ್ಣು ನಮ್ಮನ್ನು ಮುಖದಿಂದ ಪಾದದವರೆಗೆ ನೋಡುತ್ತಿತ್ತು. ಪಾದಗಳ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತಿತ್ತು.

ಅವರದ್ದು ನಮ್ಮ ಪಕ್ಕದ ಮನೆ. ಎಪ್ಪತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಮೊದಲ ಪರಮಪ್ರಸಾದ ಸ್ವೀಕರಿಸುವ ಹುಡುಗಿಯರಿಗೆ ಬಿಳಿ ಫ್ರಾಕು ಹೊಲಿಯುವುದರಲ್ಲಿ ಎತ್ತಿದ ಕೈ. ಬಾಗಿಲ ಮೇಲೆ ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತಾಳೆಗರಿಯ ಶಿಲುಬೆಗಳು. ವರ್ಷಕ್ಕೊಂದು ಹೊಸದು ಸೇರುತ್ತಿತ್ತು, ಹಳೆಯದನ್ನು ತೆಗೆಯುತ್ತಿರಲಿಲ್ಲ. ಪಾದ್ರಿಗಳು ಆಶೀರ್ವದಿಸಿದ ನೀರು ಕೆಮ್ಮಿನ ಔಷಧಿಯ ಹಳೆಯ ಬಾಟಲಿಯಲ್ಲಿ. ಸಂಜೆ ಅದರ ಅಳತೆಯ ಮುಚ್ಚಳದಲ್ಲಿ ಸರಿಯಾಗಿ ಒಂದು ಮುಚ್ಚಳ, ಹೊಸ್ತಿಲಿಗೆ.

ಮೂಲೆಯ ಅಂಗಡಿಯ ಯಜಮಾನ ಹಮೀದಾಕ ಅಕ್ಕಿ ಚೀಲ ಹೊತ್ತು ತಂದರೆ, "ಈಸಾ ನಬಿಯ ಹೆಸರಲ್ಲಿ ಬಾಗಿಲು ತೆಗೀರಿ ಬಾಯಿ, ಹೆಗಲು ಹೋಯ್ತು!" ಎಂದು ಕೂಗುತ್ತಿದ್ದರು. ಬಾಗಿಲು ಕೂಡಲೇ ತೆರೆಯುತ್ತಿತ್ತು.

"ಅದು ನಡೀತದಾ?" ಎಂದು ನಾನು ಒಮ್ಮೆ ಕೆಣಕಿದೆ.

"ಈಸಾ ಅಂದರೂ ಯೇಸುವೇ ಅಲ್ವಾ ಮಾರಾಯ್ತಿ. ಹಮೀದಾಕ ಮರ್ಯಾದೆಯಲ್ಲಿ ಹೇಳ್ತಾರೆ. ನಿನ್ನ ಹಾಗೆ ಅಲ್ಲ."

ನಾನು ಹೇಳುತ್ತಲೇ ಇರಲಿಲ್ಲ. ಕಾಲೇಜಿನ ಚರ್ಚಾ ತಂಡದವಳು. ನಂಬದ ಮಾತನ್ನು ಬಾಗಿಲು ತೆರೆಸಲಿಕ್ಕೆಂದು ಹೇಳುವುದು ಸೋಲು ಎಂಬುದು ನನ್ನ ನಿಲುವು. ಕಿಟಕಿಯ ಎದುರು ನಿಂತು ಮುಖ ತೋರಿಸುತ್ತಿದ್ದೆ, ಬೇಕೆಂದೇ ಪಾದಗಳನ್ನೂ. ನೋಡಿಯಾದ ಮೇಲೆ ಬಾಗಿಲು ತೆರೆಯುತ್ತಿತ್ತು.

ಒಂದು ದಿನ ಅವರು ಹೊಲಿಯುತ್ತಲೇ ಕಾರಣ ಹೇಳಿದರು. "ಅಕ್ಕ ಗ್ರೆಟ್ಟಾಗೆ ಹದಿಮೂರು, ನನಗೆ ಒಂಬತ್ತು. ಮಧ್ಯಾಹ್ನ. ಹಿತ್ತಲಿಂದ ಅಮ್ಮ ಕರೆದರು, ಗ್ರೆಟ್ಟಾ ಅಂತ. ಅಕ್ಕ 'ಓ' ಅಂತ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಎದುರಿನ ಬಾಗಿಲಲ್ಲಿ ಅಮ್ಮ ಬಂದರು. ಪೇಟೆಯಿಂದ. ಕೈಯಲ್ಲಿ ಚೀಲ ಉಂಟು. 'ಗ್ರೆಟ್ಟಾ ಎಲ್ಲಿ?' ಅಂತ ನನ್ನ ಹತ್ರ ಕೇಳಿದರು."

ಹೊಲಿಗೆ ಯಂತ್ರ ನಿಂತಿತು. "ಬಾವಿಯಿಂದ ತೆಗೆದದ್ದು ಸಂಜೆ."

ನನಗೆ ಸುಮ್ಮನಿರಲು ಬರುತ್ತಿರಲಿಲ್ಲ. "ಒಂಬತ್ತು ವರ್ಷದ ಹುಡುಗಿಯ ನೆನಪು ಸಾಕ್ಷಿ ಆಗುದಿಲ್ಲ ಬಾಯಿ. ಯಾರೋ ನೆರೆಯವರು ಕರೆದಿರಬಹುದು. ಕಾಲು ಜಾರಿರಬಹುದು."

"ಇರಬಹುದು." ಅವರು ನೂಲನ್ನು ಹಲ್ಲಿನಿಂದ ಕತ್ತರಿಸಿದರು. "ಅದಕ್ಕೆ ಯಾರ ಸ್ವರ ಬೇಕಾದರೂ ಬರ್ತದೆ. ಪಾದ ಮಾತ್ರ ಹಿಂದುಮುಂದು ಇರ್ತದೆ. ಆ ಒಂದು ಹೆಸರೂ ನಾಲಿಗೆಗೆ ಬರುದಿಲ್ಲ."

"ಪುರಾವೆ ಎಂತ ಉಂಟು?"

"ನಾನು ಇನ್ನೂ ಇದ್ದೇನಲ್ಲ. ನೀನೇ ಗೆದ್ದೆ ಅಂತ ಇಟ್ಟುಕೋ, ಕಪ್ ತಕೋ. ಬರೀ ಸ್ವರ ಕೇಳಿ ಬಾಗಿಲು ಮಾತ್ರ ನಾನು ತೆಗೆಯುದಿಲ್ಲ."

ನಕ್ಕು ಮನೆಗೆ ಹೊರಟೆ. ಎರಡೂ ಮನೆಗಳ ನಡುವಿನ ಬಾವಿಗೆ ಪಟ್ಟು ಹಿಡಿದು ಕಬ್ಬಿಣದ ಜಾಲರಿ ಹಾಕಿಸಿದ್ದು ಅವರೇ ಎಂಬುದು ಅದನ್ನು ದಾಟುವಾಗ ನೆನಪಾಯಿತು. ಹೆಜ್ಜೆ ತಾನಾಗಿ ಚುರುಕಾಯಿತು.

ಕಳೆದ ಮಳೆಗಾಲದಲ್ಲಿ ಸುರತ್ಕಲ್‌ನಲ್ಲಿ ಒಂದು ಚರ್ಚಾಸ್ಪರ್ಧೆಯಿತ್ತು. ಕಪ್ಪು ಕೋಟಿನ ತೋಳು ಗಿಡ್ಡ ಮಾಡಲು ಬಾಯಿಗೆ ಕೊಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೆ ಹೋಗಿ "ಬಾಯಿ" ಎಂದು ಮೂರು ಸಲ ಕೂಗಿದೆ. ಪರದೆ ಅಲ್ಲಾಡಲಿಲ್ಲ. ಫೋನ್ ಮಾಡಿದರೆ ಒಳಗೇ ರಿಂಗಾಯಿತು. ಇಗರ್ಜಿಗೆ ಹೋಗುವಾಗ ಅವರು ಫೋನ್ ಒಯ್ಯುತ್ತಿರಲಿಲ್ಲ; ಬಾಗಿಲು ಎಳೆದರೆ ತಾನೇ ಲಾಕ್ ಆಗುವಂಥದ್ದು. ಹೋಗಿರಬೇಕು ಅಂದುಕೊಂಡೆ. ಆ ಹೆಸರು ಹೇಳಿ ನೋಡೋಣವೇ ಎಂದು ಒಂದು ಗಳಿಗೆ ಅನಿಸಿದ್ದು ಹೌದು. ಚರ್ಚೆಗೆ ಹೊರಟವಳಿಗೆ ನಾಚಿಕೆಯಾಯಿತು. ಕೋಟಿಲ್ಲದೆ ಬಸ್ ಹತ್ತಿದೆ.

ಸಂಜೆ ಐದಕ್ಕೆ ಬಂದು ನೋಡಿದರೆ ಬೆಳಗಿನ ಪೇಪರ್ ಮೆಟ್ಟಿಲ ಮೇಲೆ ಹಾಗೇ ನೆನೆದು ಬಿದ್ದಿತ್ತು. ಪರದೆಯ ಹಿಂದೆ ದೀಪ ಉರಿಯುತ್ತಿತ್ತು. ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

"ಯೇಸು! ಬಾಯಿ, ಯೇಸು!" ಕೂಗಿದ್ದು ನಾನೇ.

ಒಳಗಿನಿಂದ ಬಹಳ ಸಣ್ಣಗೆ "ಓ" ಎಂದು ಕೇಳಿತು.

ಹಮೀದಾಕ ಓಡಿ ಬಂದು ಬಾಗಿಲು ಒಡೆದರು. ಬಾಯಿ ಬಚ್ಚಲಿನ ಹೊರಗೆ ನೆಲದಲ್ಲಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಜಪಮಾಲೆ ಮುಷ್ಟಿಗೆ ಎಷ್ಟು ಬಿಗಿಯಾಗಿ ಸುತ್ತಿತ್ತೆಂದರೆ ಬೆರಳುಗಳು ನೀಲಿಯಾಗಿದ್ದವು.

ಆಸ್ಪತ್ರೆಯಲ್ಲಿ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ನೀನು ಬಂದದ್ದು ಒಳ್ಳೇದಾಯ್ತು ಶ್ರಾವ್ಯಾ. ಬೆಳಿಗ್ಗೆ ಅದು ಬಂದಿತ್ತು. ನಿನ್ನದೇ ಸ್ವರ. ಮೂರು ಸಲ ಕರೆಯಿತು. ಹೆಸರು ಹೇಳಲಿಲ್ಲ. ಆ ನೋವಲ್ಲೂ ನಾನು ಹಲ್ಲು ಕಚ್ಚಿ ಮಲಗಿದೆ, ಓ ಅನ್ನಲಿಲ್ಲ."

ಕಣ್ಣಲ್ಲಿ ಗೆದ್ದ ಹೊಳಪು. ಅದು ನಾನೇ ಬಾಯಿ, ನೀವು ಓ ಅಂದಿದ್ದರೆ ಒಂಬತ್ತು ಗಂಟೆ ಹಾಗೆ ಬಿದ್ದಿರಬೇಕಾಗಿರಲಿಲ್ಲ ಎಂಬ ಮಾತು ತುದಿನಾಲಿಗೆಯಲ್ಲಿತ್ತು. ನಾನು ಹೆಸರು ಹೇಳಿದ್ದರೂ ಹಾಗೆ ಬಿದ್ದಿರಬೇಕಾಗಿರಲಿಲ್ಲ. ಇನ್ನೊಂದು ಕೈಯಿಂದ ಅವರ ಹೊದಿಕೆ ಸರಿಮಾಡಿದೆ.

"ಮಧ್ಯಾಹ್ನ ಮತ್ತೆ ಬಂತು," ಎಂದರು ಬಾಯಿ. "ಈ ಸಲ ಹಿತ್ತಲ ಬಾಗಿಲಿಗೆ. ನಿನ್ನದೇ ಸ್ವರ. 'ಬಾಯಿ, ಕೋಟು ಆಯ್ತಾ? ಒಮ್ಮೆ ಬಾವಿ ಹತ್ರ ಬನ್ನಿ' ಅಂತ."

ಬೆಳಿಗ್ಗೆ ನಾನು ಕೋಟಿನ ಮಾತೇ ಎತ್ತಿರಲಿಲ್ಲ. ಮಧ್ಯಾಹ್ನ ಸುರತ್ಕಲ್‌ನ ವೇದಿಕೆಯ ಮೇಲಿದ್ದೆ.

ನೋವು, ಬಾಯಾರಿಕೆ, ಅರೆಪ್ರಜ್ಞೆ. ಕೋಟು ಅಂದೇ ಕೊಡಬೇಕೆಂಬ ಚಿಂತೆ. ಯಾವ ತೀರ್ಪುಗಾರರೂ ಒಪ್ಪುವ ಕಾರಣಗಳು. ಒಂದೊಂದನ್ನೇ ಮನಸ್ಸಿನಲ್ಲಿ ಜೋಡಿಸುತ್ತ ನಾನೂ ಬಾಗಿಲ ಕಡೆ ನೋಡಿದೆ.

"ಈ ಬಾಗಿಲಿಗೆ ಎಂತದೂ ಇಲ್ಲ ಮಗಾ," ಎಂದು ಅವರು ವಾರ್ಡಿನ ಬಾಗಿಲು ನೋಡುತ್ತ ಪಿಸುಗುಟ್ಟಿದರು. ಅವರ ಮನೆಗೆ ಓಡಿ ಒಂದು ಗರಿಯ ಶಿಲುಬೆ ಕಿತ್ತು ತಂದೆ. ನರ್ಸ್ ಕೊಟ್ಟ ಟೇಪಿನಲ್ಲಿ ಬಾಗಿಲ ಮೇಲೆ ಅಂಟಿಸಿದೆ. "ಸ್ವಲ್ಪ ಬಲಕ್ಕೆ," ಎಂದರು. ಸರಿಸಿದೆ. ನಿದ್ದೆ ಹೋದರು. ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದೇ. ಎದೆಯಲ್ಲಿ ಕಫ ಕಟ್ಟಿ ನಾಲ್ಕನೆಯ ದಿನ ತೀರಿಹೋದರು.

ಮೊನ್ನೆ ಸಂಜೆ ಮನೆಯಲ್ಲಿ ಒಬ್ಬಳೇ ಇದ್ದೆ. ಅಮ್ಮ ಹಮೀದಾಕನ ಅಂಗಡಿಗೆ ಹೋಗಿದ್ದರು. ಹಿತ್ತಲಿಂದ ಅಮ್ಮನ ಸ್ವರ, "ಶ್ರಾವ್ಯಾ" ಎಂದಿತು. ನನ್ನ "ಓ" ಗಂಟಲವರೆಗೆ ಬಂದು ನಿಂತಿತು. ಅಂಗಡಿಯಿಂದ ಬರುವವರು ಎದುರಿನ ಗೇಟಿನಿಂದ ಬರಬೇಕು. ಹಿತ್ತಲಿಂದಲೂ ಬರಬಹುದು. ಬಾಯಿಗಾದರೆ ಕೇಳಲು ಒಂದು ಹೆಸರಿತ್ತು. ನಮ್ಮ ಮನೆಯಲ್ಲಿದ್ದ ದೇವರ ಹೆಸರುಗಳನ್ನೆಲ್ಲ ನಾನು ಯಾವತ್ತೋ ವಾದ ಮಾಡಿ ಸೋಲಿಸಿ ಕೂತಿದ್ದೇನೆ.

ಮತ್ತೊಮ್ಮೆ ಕರೆಯಿತು, ಬಾವಿಯ ಕಡೆಯಿಂದ.

ನಾನು ಕಿಟಕಿಯ ಪರದೆಯನ್ನು ಒಂದಿಂಚು ಸರಿಸಿದೆ. ಮೊದಲು ಪಾದಗಳನ್ನು ಹುಡುಕಿದೆ.