ಕ್ಯಾಪ್ಟನ್ ನೆಲದ ಅಂದಾಜು ತಪ್ಪಿದ ಬೆಳಿಗ್ಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ತಗಡಿನ ಶೆಡ್ಡಿನೊಳಗೆ ಎರಡು ಸೀಟಿನ ಪುಟ್ಟ ವಿಮಾನವೊಂದು ನಿಂತಿದೆ. ಅದರ ಹೊಟ್ಟೆಯ ಕೆಳಗೆ ಹಳೆಯ ರಟ್ಟು ಹಾಸಿಕೊಂಡು ಒಬ್ಬರು ಅಂಗಾತ ಮಲಗಿದ್ದಾರೆ. ನನಗೆ ಕಾಣುವುದು ಅವರ ಮೊಣಕಾಲು, ಸವೆದ ರಬ್ಬರ್ ಚಪ್ಪಲಿ ಮತ್ತು ಎಂಜಿನ್ ಎಣ್ಣೆಯ ಕಲೆಯನ್ನು ಬಟ್ಟೆಯಿಂದ ಉಜ್ಜುತ್ತಿರುವ ಒಂದು ಕೈ ಮಾತ್ರ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತ ಮೆಕ್ಯಾನಿಕ್ ಟಾರ್ಚ್ ಬೆಳಕು ಬಿಟ್ಟು ಬಗ್ಗಿ ನೋಡುತ್ತಾರೆ.

"ಭಾವ, ಬಾಲದ ಕಡೆ ಬಿಟ್ಟುಬಿಟ್ರಿ."

"ಅಲ್ಲಿ ಆಗಲೇ ಉಜ್ಜಿದೆ ಕಣೋ."

"ಉಜ್ಜಿದ್ದು ನೆರಳನ್ನ. ಎಣ್ಣೆ ಹಾಗೇ ಇದೆ."

ಕೆಳಗಿನ ಕೈ ಬಾಲದ ಕಡೆಗೆ ಸರಿಯುತ್ತದೆ. ಇದೇ ಕೈ ಮಧ್ಯಾಹ್ನದ ಹೊತ್ತಿಗೆ ಸೋಪಿನಲ್ಲಿ ತೊಳೆದುಕೊಂಡು, ಭುಜದ ಮೇಲೆ ನಾಲ್ಕು ಪಟ್ಟಿಯಿರುವ ಬಿಳಿ ಅಂಗಿ ತೊಟ್ಟು, ಎಪ್ಪತ್ತು ಜನರನ್ನು ಒಂದು ನಗರದಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಅವರು ವಿಮಾನಯಾನ ಕಂಪನಿಯ ಕ್ಯಾಪ್ಟನ್.

ತೆರೆಮರೆಯ ಜನರ ಅಂಕಣಕ್ಕೆ ಪೈಲಟ್ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಪುರವಣಿಯ ಸಂಪಾದಕರು ನಕ್ಕಿದ್ದರು. "ಮೋಡದ ಮೇಲೆ ಕೂತವರು ಎಲೆಮರೆಯ ಕಾಯಿ ಹೇಗಾಗ್ತಾರ್ರೀ?" ಅವರ ಮಾತಿನಲ್ಲೂ ಹುರುಳಿದೆ. ಆದರೆ ನೀವು ಕಡೆಯ ಸಲ ವಿಮಾನ ಹತ್ತಿದಾಗ ನಿಮ್ಮನ್ನು ಇಳಿಸಿದವರ ಮುಖ ನೆನಪಿದೆಯೇ? ನನಗಂತೂ ಇಲ್ಲ. ತನ್ನ ವಿಮಾನದ ಹೊಟ್ಟೆಯನ್ನು ತಾನೇ ತೊಳೆಯುವ ಸರಳ ಕ್ಯಾಪ್ಟನ್ ಎಂದು ತಲೆಬರಹವನ್ನೂ ಮನಸ್ಸಿನಲ್ಲೇ ಬರೆದುಕೊಂಡು ಬಂದಿದ್ದೆ. ಬರುವ ಮುನ್ನ ಅವರ ಹೆಂಡತಿ ಫೋನಿನಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. "ಏನು ಬೇಕಾದ್ರೂ ಬರೀರಿ, ಹೊಗಳಬೇಡಿ. ಈಗೀಗ ಯಾರಾದ್ರೂ ಹೊಗಳಿದ್ರೆ ಎದ್ದು ಹೋಗಿಬಿಡ್ತಾರೆ." ವಿನಯ ಇರಬೇಕು ಅಂದುಕೊಂಡೆ.

ರಟ್ಟಿನಿಂದ ಎದ್ದು ಬಂದ ಕ್ಯಾಪ್ಟನ್‌ಗೆ ಐವತ್ತು ದಾಟಿ ಕೆಲವು ವರ್ಷಗಳಾಗಿವೆ. ತಲೆಯ ಮೇಲೆ ಕೂದಲಿಗಿಂತ ಧೂಳೇ ಹೆಚ್ಚಿದೆ. ಕೆಲಸ ಹೇಗಿರುತ್ತದೆ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಬಸ್ಸಿನ ಕೆಲಸಾರೀ. ಹೋಗೋದು, ಬರೋದು, ಮತ್ತೆ ಹೋಗೋದು, ಮತ್ತೆ ಬರೋದು. ಬಸ್ ಡ್ರೈವರ್‌ಗೆ ಜನ ಬೈಯೋದಾದ್ರೂ ಕೇಳ್ಸುತ್ತೆ. ನಮಗೆ ಬಾಗಿಲು ಹಾಕಿರುತ್ತೆ. ಮೈಕಿನಲ್ಲಿ ನಮಸ್ಕಾರ ಅಂತೀನಿ, ಅಷ್ಟೊತ್ತಿಗೆ ಅರ್ಧ ಜನ ನಿದ್ದೆ, ಇನ್ನರ್ಧ ಜನ ಕಿಟಕಿ ಸೀಟಿಗೆ ಜಗಳ."

ವೃತ್ತಿಯ ದಾರಿಯೂ ನುಣ್ಣಗಿರಲಿಲ್ಲ. ದೂರದ ಬೆಟ್ಟ ಮಾತ್ರ ನುಣ್ಣಗೆ. ಅವರು ಮೊದಲು ಸೇರಿದ ಕಂಪನಿ ಒಂದು ಬೆಳಿಗ್ಗೆ ಬಾಗಿಲು ಹಾಕಿತು. ಈ ಕಸುಬಿನಲ್ಲಿ ಹೊಸ ಕಂಪನಿಗೆ ಹೋದರೆ ಹಳೆಯ ಅನುಭವ ಹೊತ್ತುಕೊಂಡು ಹೋಗಬಹುದು, ಹಳೆಯ ಜಾಗ ಸಿಗುವುದಿಲ್ಲ. ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಕ್ಯಾಪ್ಟನ್ ಆಗಿದ್ದವರು ಮತ್ತೆ ಬಲಗಡೆಯ ಸೀಟಿನಲ್ಲಿ, ಸಹಾಯಕ ಪೈಲಟ್ ಆಗಿ ಕೂತರು. ಎಡಗಡೆ ಕೂತು ಅಪ್ಪಣೆ ಕೊಡುತ್ತಿದ್ದಾತ ಒಂದು ಕಾಲಕ್ಕೆ ಇವರ ಹತ್ತಿರವೇ ಪಾಠ ಕೇಳಿದವನು. "ಸಾರ್ ಅಂತ ಕರೀಬೇಕಿತ್ತು. ಕರೆದೆ. ಹೊಟ್ಟೆ ಕೇಳಬೇಕಲ್ಲ" ಎನ್ನುತ್ತಾರೆ. ನಾಲ್ಕು ಪಟ್ಟಿ ಮತ್ತೆ ಭುಜಕ್ಕೆ ಬರಲು ಬಹಳ ವರ್ಷ ಹಿಡಿಯಿತು. ಬಂದ ಮೇಲೆ ಅದರ ಮೇಲೆ ವ್ಯಾಮೋಹ ಕೊಂಚ ಹೆಚ್ಚೇ ಆಯಿತು ಎಂದು ಅವರೇ ಹೇಳಿಕೊಳ್ಳುತ್ತಾರೆ.

ಈ ಪುಟ್ಟ ವಿಮಾನ ಕೊಂಡದ್ದು ಆ ಕಷ್ಟದ ವರ್ಷಗಳ ನಂತರ. ಕೊಂಡದ್ದು ಎಂದರೆ ತಪ್ಪಾದೀತು, ಯಾರೋ ಮೂಲೆಗೆ ತಳ್ಳಿದ್ದ ಗುಜರಿಯನ್ನು ಎತ್ತಿಕೊಂಡು ಬಂದದ್ದು. ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಕ್ಯಾಪ್ಟನ್ ಹೆಂಡತಿಯ ತಮ್ಮ. ಭಾವ ಭಾಮೈದ ಇಬ್ಬರೂ ಅರ್ಧರ್ಧ ಮಾಲೀಕರು. ರಜೆಯ ದಿನಗಳಲ್ಲೆಲ್ಲ ಶೆಡ್ಡಿನಲ್ಲಿ ಕೂತು ಭಾಮೈದ ಅದನ್ನು ಎಬ್ಬಿಸಿ ನಿಲ್ಲಿಸಿದರು. ಬೀದಿಯವರು ಇವರನ್ನು ಕುಬೇರರೆಂದೇ ತಿಳಿದಿದ್ದಾರೆ. ಮನೆಯಾಕೆಗೆ ಗೊತ್ತು ನಿಜ. ಸೋರುವ ಅಡುಗೆಮನೆಯ ನಲ್ಲಿ ತೋರಿಸಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಬಂದವರಿಗೆಲ್ಲ ಹೇಳುತ್ತಾರಂತೆ.

ಇಷ್ಟೆಲ್ಲ ಮಾಡಿ ಯಾಕೆ ಬೇಕಿತ್ತು ಎಂದು ಕೇಳುತ್ತೇನೆ. ಮೊದಲ ಬಾರಿಗೆ ಅವರ ಮುಖ ಅರಳುತ್ತದೆ. "ಕಂಪನಿ ವಿಮಾನ ಹೇಳಿದ ದಾರೀಲಿ ಹೋಗುತ್ತೆ, ಜೊತೆಗೆ ನಾನೂ ಹೋಗ್ತೀನಿ. ಇದರಲ್ಲಿ ಹಾಗಲ್ಲ. ಎಡಕ್ಕೆ ಒಂದು ಕೆರೆ ಹೊಳೀತು ಅನ್ನಿ, ಎಡಕ್ಕೆ ತಿರುಗಿ ನೋಡ್ಕೊಂಡು ಬರ್ತೀನಿ. ಯಾರನ್ನೂ ಕೇಳಬೇಕಾಗಿಲ್ಲ."

ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಯುವತಿಯೊಬ್ಬಳು ಒಳಗೆ ಬರುತ್ತಾಳೆ. ಮೆಕ್ಯಾನಿಕ್‌ನ ಮಗಳು. ಆಕೆಯೂ ಪೈಲಟ್, ಈ ವಿಮಾನದಲ್ಲೇ ಹಾರಲು ಕಲಿತವಳು. ಅಪ್ಪನಿಗೆ ಡಬ್ಬಿ ಕೊಡುತ್ತಾಳೆ, ನನಗೆ ನಮಸ್ಕಾರ ಹೇಳುತ್ತಾಳೆ. ಕ್ಯಾಪ್ಟನ್ ಕಡೆಗೆ ತಿರುಗಿ "ಸ್ವಲ್ಪ ಸರೀತೀರಾ ಮಾವ" ಎಂದಷ್ಟೇ ಹೇಳಿ ರೆಕ್ಕೆಯನ್ನು ಪರೀಕ್ಷಿಸಲು ಶುರುಮಾಡುತ್ತಾಳೆ. ಮಾವ ಗೋಡೆಗೆ ಅಂಟಿಕೊಳ್ಳುವಷ್ಟು ಸರಿಯುತ್ತಾರೆ. ಶೆಡ್ಡಿನಲ್ಲಿ ಒಂಥರಾ ಬಿಗುವು. ತಿಂಗಳುಗಟ್ಟಲೆ ರಿಪೇರಿಯ ನಂತರ ವಿಮಾನ ಇವತ್ತು ಮೊದಲ ಸಲ ಹಾರಬೇಕಿದೆ, ಹಾರಿಸುವವಳು ಆಕೆ.

ರಿಪೇರಿ ಯಾಕಾಯಿತು ಎಂದು ಕೇಳಿದ್ದು ನಾನೇ. ಮೆಕ್ಯಾನಿಕ್ ಟಾರ್ಚ್ ಆರಿಸಿ ಹೊರಗೆ ನಡೆಯುತ್ತಾರೆ. ಕ್ಯಾಪ್ಟನ್ ನನ್ನನ್ನು ಶೆಡ್ಡಿನ ಹಿಂಬದಿಗೆ ಕರೆದೊಯ್ದು ಒಂದು ಖಾಲಿ ಡ್ರಮ್ಮಿನ ಮೇಲೆ ಕೂರುತ್ತಾರೆ.

"ಅವಳು ಇಳಿಸೋದನ್ನ ಒಂದಿನ ನೋಡ್ತಾ ಇದ್ದೆ. ಚೆನ್ನಾಗೇ ಇಳಿಸಿದ್ಲು. ನಂಗೆ ಸುಮ್ನೆ ಇರೋಕಾಗಬೇಕಲ್ಲ. ಕಂಪನಿಯಲ್ಲಿ ಹೀಗಲ್ಲಮ್ಮ ಇಳಿಸೋದು, ಪಕ್ಕದಲ್ಲಿ ಕೂತ್ಕೋ, ತೋರಿಸ್ತೀನಿ ಅಂದೆ. ಕ್ಲಬ್ಬಿನವರೆಲ್ಲ ಬೇಲಿ ಹತ್ರ ನಿಂತಿದ್ರು. ಅವರಿಗೂ ಕೇಳೋ ಹಾಗೇ ಅಂದೆ."

ಮುಂದೆ ಆದದ್ದನ್ನು ಓದುಗರಿಗೆ ಬಿಡಿಸಿ ಹೇಳಬೇಕು. ದೊಡ್ಡ ವಿಮಾನ ನೆಲ ಮುಟ್ಟುವಾಗ ಪೈಲಟ್ಟಿನ ಕಣ್ಣು ಮಹಡಿಯ ಕಿಟಕಿಯಷ್ಟು ಎತ್ತರದಲ್ಲಿರುತ್ತದೆ. ಪುಟ್ಟ ವಿಮಾನದಲ್ಲಿ ಕಾರಿನಲ್ಲಿ ಕೂತಷ್ಟೇ ಎತ್ತರ. ದಿನಾ ದೊಡ್ಡದರಲ್ಲಿ ಇಳಿದು ರೂಢಿಯಾದ ಕಣ್ಣು, ಚಿಕ್ಕದರಲ್ಲೂ ಮಹಡಿಯ ಎತ್ತರದಲ್ಲೇ "ನೆಲ ಬಂತು" ಎನ್ನುತ್ತದೆ. ಆಗ ಹಿಡಿಕೆ ಎಳೆದು ಮೂತಿ ಎತ್ತಿದರೆ ವೇಗ ಸಾಯುತ್ತದೆ, ಕೆಳಗೆ ನೆಲ ಇರುವುದಿಲ್ಲ. ಇದು ದೊಡ್ಡ ವಿಮಾನದವರಿಗೆ ಅಂಟುವ ಹಳೆಯ ರೋಗ. ಕ್ಲಬ್ಬಿಗೆ ಬರುವ ಇಂಥ ಪೈಲಟ್ಟುಗಳಿಗೆ ಮೊದಲ ದಿನವೇ ಎಚ್ಚರಿಕೆ ಕೊಡುತ್ತಿದ್ದದ್ದು ಸ್ವತಃ ಈ ಕ್ಯಾಪ್ಟನ್. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ವಿಮಾನ ಗೋಣಿಚೀಲದ ಹಾಗೆ ಧೊಪ್ಪನೆ ಬಿತ್ತು. ಮುಂದಿನ ಚಕ್ರದ ಕಾಲು ಮುರಿಯಿತು, ಪ್ರೊಪೆಲರ್ ನೆಲ ಬಡಿದು ಬಾಗಿತು, ಎಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಇಬ್ಬರಿಗೂ ಗಾಯವಾಗಲಿಲ್ಲ ಎಂಬುದು ಪುಣ್ಯ.

"ವಿಮಾನ ಮುರಿದದ್ದಕ್ಕೆ ನಾಚಿಕೆ ಇಲ್ಲ ಅನ್ನಲ್ಲ" ಎನ್ನುತ್ತಾರೆ. "ಆದ್ರೆ ಅದು ರಿಪೇರಿ ಆಗುತ್ತೆ. ಎಲ್ಲರೂ ಓಡಿ ಬಂದ್ರು. ಬಾಗಿಲು ತೆಗೆದ ತಕ್ಷಣ ನನ್ನ ಬಾಯಿಂದ ಬಂದ ಮೊದಲನೇ ಮಾತು ಏನು ಗೊತ್ತಾ? ಅವಳ ಕಡೆ ತಿರುಗಿ, 'ಯಾಕಮ್ಮಾ ಎಳೆದೆ ನೀನು?' ಅಂದೆ."

ಈ ವಿಮಾನದಲ್ಲಿ ಇಬ್ಬರ ಮುಂದೆಯೂ ಒಂದೊಂದು ಹಿಡಿಕೆ ಇದೆ. ಯಾರು ಎಳೆದರೂ ಎರಡೂ ಒಟ್ಟಿಗೆ ಚಲಿಸುತ್ತವೆ. ಹೊರಗಿನವರಿಗೆ ಯಾರು ಎಳೆದದ್ದೆಂದು ತಿಳಿಯುವುದಿಲ್ಲ.

"ಗಾಬರಿ ಆಗಿತ್ತು. ಬಾಯಿಗೆ ಬಂದದ್ದು ಆಡಿಬಿಟ್ಟೆ" ಎಂದು ಕ್ಯಾಪ್ಟನ್ ಚಪ್ಪಲಿಯ ತುದಿಯನ್ನು ನೋಡುತ್ತಾರೆ. "ಮಾರನೇ ದಿನ ವರದಿಯಲ್ಲಿ ತಪ್ಪು ನನ್ನದೇ ಅಂತ ಬರೆದುಕೊಟ್ಟೆ. ಅದು ಸೀದಾ ಕಪಾಟು ಸೇರಿತು. ಜನರ ಬಾಯಲ್ಲಿ ಉಳಿದದ್ದು ಮೊದಲನೇ ಮಾತೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆಗೆ ಇದೇ ಕ್ಲಬ್ಬಿನಲ್ಲಿ ಹೊಸಬರಿಗೆ ಹಾರಾಟ ಕಲಿಸುವ ಕೆಲಸ ಸಿಗುವುದರಲ್ಲಿತ್ತು. ಪಕ್ಕದಲ್ಲಿ ಕೂತವರು ಇಳಿಸುವಾಗ ಹಿಡಿಕೆ ಎಳೆಯುವ ಹುಡುಗಿಯನ್ನು ಕಲಿಯುವವರ ಪಕ್ಕ ಕೂರಿಸುವುದು ಹೇಗೆ ಎಂದು ಯಾರೋ ಮಾತು ತೆಗೆದರು. ತೀರ್ಮಾನ ಮುಂದಕ್ಕೆ ಹೋಯಿತು. ಈ ವಾರ ಮತ್ತೆ ಆ ಮಾತು ಬರಲಿದೆ. ಒಬ್ಬರೂ ಕ್ಯಾಪ್ಟನ್‌ರನ್ನು ನೇರವಾಗಿ ಕೇಳಲಿಲ್ಲ. ಅವರೂ ತಾವಾಗಿ ಹೇಳಲಿಲ್ಲ.

"ಯಾಕೆ ಹೇಳಲಿಲ್ಲ?" ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಡುಸಾಗಿಯೇ ಬರುತ್ತದೆ. ಸರಳ ಕ್ಯಾಪ್ಟನ್ ಎಂಬ ನನ್ನ ತಲೆಬರಹ ಆಗಲೇ ಮಣ್ಣು ಮುಕ್ಕಿದೆ.

"ನಾನು ಒಳಗೆ ಬಂದ್ರೆ ಇಲ್ಲಿ ಎಲ್ಲರೂ ಎದ್ದು ನಿಲ್ತಾರೆ" ಎನ್ನುತ್ತಾರೆ. "ಅದು ಬೇಕಾಗಿತ್ತು ನಂಗೆ."

ಶೆಡ್ಡಿನ ಮುಂದೆ ಎಂಜಿನ್ ಗುಡುಗುತ್ತದೆ. ನಾವು ಓಡುತ್ತೇವೆ. ಆಕೆ ಒಬ್ಬಳೇ ಕೂತಿದ್ದಾಳೆ. ವಿಮಾನ ಓಡಿ, ಹಗುರಾಗಿ, ಮರಗಳ ಮೇಲೆ ಏರುತ್ತದೆ. ಮೆಕ್ಯಾನಿಕ್ ಕಣ್ಣು ಕಿರಿದು ಮಾಡಿ ಎಂಜಿನ್ನಿನ ಸದ್ದನ್ನೇ ಕೇಳುತ್ತಾರೆ. ಕ್ಯಾಪ್ಟನ್ ಎರಡೂ ಕೈಯಿಂದ ಬೇಲಿಯ ತಂತಿ ಹಿಡಿದಿದ್ದಾರೆ. ಎರಡು ಸುತ್ತು ಹಾಕಿ ಆಕೆ ಇಳಿಯುತ್ತಾಳೆ. ನೆಲದ ಹತ್ತಿರ, ಇನ್ನೂ ಹತ್ತಿರ, ಅಷ್ಟಾದ ಮೇಲೆ ಮೂತಿ ಎತ್ತುತ್ತಾಳೆ. ಚಕ್ರ ನೆಲ ಮುಟ್ಟಿದ್ದು ನನಗಂತೂ ತಿಳಿಯಲಿಲ್ಲ. "ಬೆಣ್ಣೆಯಂತೆ ಇಳಿಸಿದ್ಲು" ಎಂದು ಮೆಕ್ಯಾನಿಕ್ ಮೂಗು ಒರೆಸಿಕೊಳ್ಳುತ್ತಾರೆ.

ಕ್ಲಬ್ಬಿನ ಚಹಾ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ ಬಂದ ಹತ್ತು ಹನ್ನೆರಡು ಮಂದಿ ಸೇರಿದ್ದಾರೆ. ಕ್ಯಾಪ್ಟನ್ ಒಳಗೆ ಕಾಲಿಟ್ಟೊಡನೆ ಕುರ್ಚಿಗಳು ಸರಿಯುತ್ತವೆ, ಎಲ್ಲರೂ ಏಳುತ್ತಾರೆ. ಹೆಲ್ಮೆಟ್ಟಿನಂತೆ ಬಾಚಿದ ಕೂದಲಿನ ಕಾರ್ಯದರ್ಶಿ ಆಕೆಗೆ ಲೋಟ ಕೊಡುತ್ತಾ ನಗೆಚಟಾಕಿ ಹಾರಿಸುತ್ತಾರೆ. "ಚೆನ್ನಾಗಿ ಇಳಿಸಿದೆಯಮ್ಮ. ಇವತ್ತು ಒಬ್ಬಳೇ ಇದ್ದೆ ನೋಡು, ಪಕ್ಕದವರು ಇಳಿಸುವಾಗ ಹಿಡಿಕೆ ಎಳೆಯೋ ಹಾಗಿರಲಿಲ್ಲ!"

ಕೋಣೆ ನಗುತ್ತದೆ. ಕೆಟ್ಟ ನಗುವಲ್ಲ, ರೂಢಿಯ ನಗು. ಆಕೆಯೂ ತುಟಿ ಅರಳಿಸುತ್ತಾಳೆ. ಇದನ್ನು ಆಕೆ ಎಷ್ಟು ಸಲ ಮಾಡಿರಬೇಕು ಎಂದು ನೆನೆದು ನನಗೇ ತಲೆ ತಗ್ಗುತ್ತದೆ.

"ಅವಳು ಎಳೀಲಿಲ್ಲ" ಎನ್ನುತ್ತಾರೆ ಕ್ಯಾಪ್ಟನ್.

"ಅಯ್ಯೋ ಬಿಡಿ ಕ್ಯಾಪ್ಟನ್, ತಮಾಷೆಗೆ ಅಂದೆ. ಹಳೇ ಮಾತು."

"ಹಳೇದಾಗೋಕೆ ಬಿಟ್ಟದ್ದೇ ನಾನು. ಕೂತ್ಕೊಳ್ಳಿ ಎಲ್ಲರೂ, ದಯವಿಟ್ಟು." ಯಾರೂ ಕೂರುವ ಮುನ್ನವೇ ಮುಂದುವರಿಸುತ್ತಾರೆ. "ನೆಲದ ಅಂದಾಜು ತಪ್ಪಿದ್ದು ನಂದು. ಎಳೆದವನು ನಾನು." ಆಮೇಲೆ ನನ್ನ ಕಡೆ ಬೆರಳು ತೋರಿಸುತ್ತಾರೆ. "ಇವರು ಪೇಪರಿನವರು. ಗಾಬರಿಯಲ್ಲಿ ಅಂದೆ ಅಂತ ಇವರಿಗೆ ಈಗ ತಾನೇ ಹೇಳ್ದೆ. ಮನೇಲೂ ಹಾಗೇ ಹೇಳಿದ್ದೆ. ಅದೂ ಸುಳ್ಳು. ವಿಮಾನ ನಿಂತ ಮೇಲೆ ಪಕ್ಕಕ್ಕೆ ತಿರುಗಿ ನೋಡ್ದೆ. ಅವಳ ಎರಡೂ ಕೈ ಮಡಿಲಲ್ಲಿತ್ತು. ನೋಡಿದ ಮೇಲೇ ಆ ಮಾತು ಅಂದದ್ದು."

ಮೆಕ್ಯಾನಿಕ್ ಭಾವನನ್ನೇ ದಿಟ್ಟಿಸುತ್ತಾರೆ. ಇಷ್ಟು ತಿಂಗಳು ಒಂದೇ ಶೆಡ್ಡಿನಲ್ಲಿ ಒಟ್ಟಿಗೆ ಮೈ ಕೈ ಮಸಿ ಮಾಡಿಕೊಂಡವರು. ಅವರೂ ಇದನ್ನು ಕೇಳುತ್ತಿರುವುದು ಈಗಲೇ. ಕುಡಿಯದ ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಾರೆ. ಕಾರ್ಯದರ್ಶಿ ಕೂದಲು ನೇವರಿಸಿಕೊಂಡು ಸಭೆಯಲ್ಲಿ ಈ ಮಾತು ಹೇಳುವುದಾಗಿ ಏನೋ ಗೊಣಗುತ್ತಾರೆ.

ಆಕೆ ಮಾತ್ರ ಶಾಂತವಾಗಿದ್ದಾಳೆ. "ನಂಗೊತ್ತಿತ್ತು ಮಾವ" ಎನ್ನುತ್ತಾಳೆ. "ನೀವು ನನ್ನ ಕೈ ನೋಡಿದಾಗ ನಾನು ನಿಮ್ಮ ಮುಖ ನೋಡ್ತಾ ಇದ್ದೆ."

ಇಷ್ಟು ಹೇಳಿ ಲೋಟ ತೊಳೆದಿಟ್ಟು ಅಪ್ಪನ ಹಿಂದೆ ನಡೆಯುತ್ತಾಳೆ. ಕ್ಷಮಿಸಿದ್ದೇನೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಕಿಟಕಿಯಾಚೆ ಅಪ್ಪ ಮಗಳು ಇಬ್ಬರೇ ವಿಮಾನವನ್ನು ಶೆಡ್ಡಿಗೆ ತಳ್ಳುವುದು ಕಾಣುತ್ತದೆ. ಕ್ಯಾಪ್ಟನ್ ಸಹಾಯಕ್ಕೆಂದು ಎರಡು ಹೆಜ್ಜೆ ಹಾಕಿ, ಹೋಗದೆ ನಿಂತುಬಿಡುತ್ತಾರೆ. ಕೋಣೆ ನಿಧಾನಕ್ಕೆ ಖಾಲಿಯಾಗುತ್ತದೆ. ಈ ಸಲ ಅವರಿಗಾಗಿ ಯಾರೂ ಏಳಲಿಲ್ಲ, ಎಲ್ಲರೂ ಸುಮ್ಮನೆ ಎದ್ದು ಹೋದರು.

ಇಂಥ ಬರಹಕ್ಕೆ ಕೊನೆಯ ಪ್ರಶ್ನೆಯೊಂದು ಇರುತ್ತದೆ, ನಾಚಿಕೆ ಬಿಟ್ಟು ಕೇಳುತ್ತೇನೆ: ಇನ್ನೇನಾದರೂ ಆಸೆ ಇದೆಯೇ?

ಅವರು ಮೇಜಿನ ಮೇಲಿನ ಚಹಾದ ಗುರುತನ್ನು ಹೆಬ್ಬೆರಳಿನಿಂದ ಉಜ್ಜುತ್ತಾರೆ.

"ಆ ಕೆಲಸ ಅವಳಿಗೆ ಸಿಗಬೇಕು. ಅದಾದ ಮೇಲೆ, ಚಿಕ್ಕ ವಿಮಾನ ಇಳಿಸೋದನ್ನ ನಾನು ಮೊದಲಿಂದ ಕಲೀಬೇಕು. ಅವಳ ಹತ್ರಾನೇ" ಎನ್ನುತ್ತಾರೆ. "ಹೋಗಿ ಕೇಳೋಕೆ ನಂಗೆ ಮುಖ ಇಲ್ಲ. ನೀವು ಬರೀರಿ. ನಿಮ್ಮ ಪುರವಣಿ ಅವಳು ತಪ್ಪದೆ ಓದ್ತಾಳೆ."