ನೆರಳಿನ ಕಡೆಯ ಕಿಟಕಿ

ಹೈದರಾಬಾದಿನ ವಿಮಾನದಲ್ಲಿ ಯಾವ ಸೀಟು ಬೇಕೆಂದು ಮೊಬೈಲು ಕೇಳಿದಾಗ, ನಮ್ಮ ಯಜಮಾನರು ಉತ್ತರ ಕೊಡುವ ಬದಲು ಅದನ್ನು ಎತ್ತಿಕೊಂಡು ಅಂಗಳಕ್ಕೆ ನಡೆದರು. ಚನ್ನಗಿರಿಯ ನಮ್ಮ ಅಂಗಳದಲ್ಲಿ ಆಗಷ್ಟೇ ಎಳೆಬಿಸಿಲು ಇಳಿದಿತ್ತು. ಮೊಬೈಲಿನೊಳಗಿದ್ದ ವಿಮಾನದ ಚಿತ್ರದ ಮೂತಿಯನ್ನು ಹೈದರಾಬಾದಿನ ದಾರಿಗೆ ಸಿಗುವ ಜಗಳೂರಿನ ದಿಕ್ಕಿಗೆ ತಿರುಗಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಯಾವ ಮಗ್ಗುಲಿಗೆ ಬಿಸಿಲು ಬೀಳುತ್ತದೆಂದು ಕುಕ್ಕರಗಾಲಿನಲ್ಲಿ ಕೂತು ನೋಡಿ, "ಎಡಗಡೆ ತಗಳ್ಳಾನ. ಆ ಕಡೆ ನೆರಳು ಐತೆ" ಎಂದು ತೀರ್ಪು ಕೊಟ್ಟರು.

ನಗಬೇಡಿ. ಅವರು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ನಮ್ಮ ಸೀಮೆಯಲ್ಲಿ ಸೂರ್ಯ ಯಾವ ರಸ್ತೆಯಲ್ಲಿ ಯಾರ ಕೆನ್ನೆ ಸುಡುತ್ತಾನೆಂಬುದು ಪಂಚಾಂಗದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹೊನ್ನಾಳಿಯಿಂದ ನ್ಯಾಮತಿಗೆ ಬೆಳಗ್ಗೆ ಹೋಗುವಾಗಲೂ ನೆರಳು ಬಲಗಡೆ, ಸಂಜೆ ಮರಳುವಾಗಲೂ ಬಲಗಡೆ, ಆದ್ದರಿಂದ ಆ ದಾರಿಯಲ್ಲಿ ಓಡಾಡುವ ಮೇಷ್ಟ್ರುಗಳು ಜಾಣರು ಎಂಬುದು ಅವರ ಹಳೆಯ ಸಿದ್ಧಾಂತ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ಜನರಿಗೂ, "ರೀ, ನೆರಳು ಯಾವ ಕಡೆ?" ಎಂದು ಇವರನ್ನು ಕೇಳಿಯೇ ಎಸೆಯುವ ರೂಢಿಯಿತ್ತು. ನನಗಂತೂ ಮದುವೆಯಾದ ದಿನದಿಂದ ಟವೆಲ್ಲಿನ ಕಷ್ಟವೂ ಇರಲಿಲ್ಲ. ತವರೂರು ಸೊಕ್ಕೆಗೆ ಹೊರಟಾಗೆಲ್ಲ ಎಡಗಡೆಯ ತಣ್ಣನೆಯ ಸೀಟೊಂದು ನನಗಾಗಿ ಕಾದಿರುತ್ತಿತ್ತು.

ಆದರೆ ಈ ಸಲ ನನಗೆ ನೆರಳು ಬೇಕಿರಲಿಲ್ಲ. ಜಗಳೂರು ಸೀಮೆಯ ಆ ಬಯಲೂರಿನಲ್ಲಿ ಶೇಂಗಾ ಕಳೆ ಕೀಳುತ್ತಿದ್ದ ಹುಡುಗಿಯಾಗಿದ್ದಾಗ, ತಲೆಯ ಮೇಲೆ ಬೆಳ್ಳಿಗೆರೆ ಎಳೆಯುತ್ತ ಹೋಗುವ ವಿಮಾನಗಳಿಗೆ ನಾನು ಕೈಬೀಸುತ್ತಿದ್ದೆ. ಅಲ್ಲಿಂದ ನಮ್ಮ ಹೊಲ, ನಮ್ಮ ಕೆರೆ, ಕೈಬೀಸುವ ನಾನು ಹೇಗೆ ಕಾಣುತ್ತೇವೋ ಎಂಬ ಬೆರಗು ಮನಸ್ಸಿನ ಯಾವುದೋ ಮೂಲೆಯಲ್ಲಿ ಅರವತ್ತು ದಾಟಿದರೂ ಮಲಗಿಯೇ ಇತ್ತು. ಈಗ ಹೈದರಾಬಾದಿಗೆ ಹೊರಟಿದ್ದದ್ದು ಕಣ್ಣಿನ ಆಪರೇಷನ್ನಿಗೆ. ಬಲಗಣ್ಣು ಆಗಲೇ ಮಂಜುಗಟ್ಟಿ ಮುಚ್ಚಿಹೋಗಿತ್ತು. ಎಡಗಣ್ಣಿನಲ್ಲಿ ಉಳಿದದ್ದನ್ನು ಉಳಿಸಲು ನೋಡುತ್ತೇವೆ, ಮಾತು ಕೊಡಲಾರೆವು, ಅಲ್ಲಿಯವರೆಗೆ ಬಿಸಿಲಿಗೆ ಕಣ್ಣೊಡ್ಡಬೇಡಿ ಎಂದಿದ್ದರು ಡಾಕ್ಟರು. ಕಣ್ಣಿರುವಾಗಲೇ ಒಮ್ಮೆ ಮೇಲಿನಿಂದ ಸೊಕ್ಕೆಯನ್ನು ನೋಡಬೇಕು, ಇಷ್ಟೇ ನನ್ನ ಆಸೆ. ಸೊಕ್ಕೆ ಇರುವುದು ವಿಮಾನದ ಬಲಗಡೆ, ಬಿಸಿಲಿನ ಕಡೆ. ಕಲ್ಲಿನ ಮುಂದೆ ಅಷ್ಟು ಶ್ರದ್ಧೆಯಿಂದ ಕೂತ ಮನುಷ್ಯನಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಬೆಳಗ್ಗೆ ಶಿವಮೊಗ್ಗದಿಂದ ವಿಮಾನ ಮೇಲೆದ್ದಿತು. ಎಡಗಡೆಯ ಕಿಟಕಿಯಲ್ಲಿ ಎಂಥ ಸೊಗಸು! ಅಡಿಕೆ ತೋಟಗಳ ದಟ್ಟ ಹಸಿರು, ಅದರಾಚೆ ಬಳುಕುತ್ತ ಹೊರಟ ಹೊಳೆ, ಹೊಳೆಯ ಮಗ್ಗುಲಿಗೆ ಒರಗಿದ ಊರುಗಳು. "ನೋಡು, ಹೊನ್ನಾಳಿ ಸೇತುವೆ! ಈ ಕಡೆ ನ್ಯಾಮತಿ ರಸ್ತೆ ಇರಬೇಕು" ಎಂದು ಇವರು ಮಗುವಿನ ಹಾಗೆ ಬೆರಳು ತೋರಿಸುತ್ತಿದ್ದರು. ನಾನು ಕಪ್ಪು ಕನ್ನಡಕದ ಹಿಂದಿನಿಂದ ಅಷ್ಟನ್ನೂ ನೋಡಿದೆ, ನೋಡುತ್ತಲೇ ಅತ್ತೆ.

"ಬಿಸ್ಲು ಹೊಡೀತದೇನು?"

"ಇಲ್ಲ ರೀ. ಸೊಕ್ಕೆ ಆ ಕಡೆ ಐತೆ."

ಅವರ ಮುಖದಲ್ಲಿ ರಸ್ತೆಯ ನಕ್ಷೆಯೊಂದು ಮೆಲ್ಲಗೆ ತಿರುಗಿದ್ದು ನನಗೆ ಕಂಡಿತು. "ಮೊದ್ಲೇ ಹೇಳಾಕೆ ಏನಾಗಿತ್ತೇ?" ಎಂದರು.

"ನೀವು ಅಷ್ಟು ಆಸೆಯಿಂದ ನೆರಳು ಹುಡುಕಿದ್ರಿ. ಹೆಂಗೆ ಹೇಳ್ಲಿ?"

ಸೊಕ್ಕೆಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ವಿಮಾನಕ್ಕೆ ಅದು ಕಾಫಿ ಕುಡಿದು ಲೋಟ ಇಡುವಷ್ಟು ಹೊತ್ತು. ಬೆಲ್ಟು ಬಿಚ್ಚುವಂತಿಲ್ಲವೆನ್ನುವ ಕೆಂಪು ದೀಪ ತಲೆಯ ಮೇಲೆ ಉರಿಯುತ್ತಲೇ ಇತ್ತು, ಜಗಳೂರು ಹತ್ತಿರವಾಗುತ್ತಲೇ ಇತ್ತು. ದೀಪ ಆರಿದ್ದೇ ತಡ ಇವರು ಎದ್ದು, ಪಕ್ಕದ ಸಾಲಿನಲ್ಲಿ ಸೆರಗು ಮುಖಕ್ಕೆ ಹಿಡಿದು ಕೂತಿದ್ದ ಹೆಂಗಸಿನ ಮುಂದೆ ಬಾಗಿ, "ಅಮ್ಮಾ, ನಮ್ಮದು ನೆರಳಿನ ಸೀಟು. ನೀವು ಇಬ್ರೂ ಆ ಕಡೆ ಕೂರ್ತೀರೇನ್ರಿ?" ಎಂದರು. "ಅಯ್ಯೋ, ಬರ್ರಿ ಬರ್ರಿ, ನಾನು ಬೆಂದು ಬದನೆಕಾಯಿ ಆಗೀನಿ" ಎಂದು ಆಕೆ ಗಂಡನನ್ನೂ ಎಬ್ಬಿಸಿಕೊಂಡು ಹೊರಟೇಬಿಟ್ಟರು.

ನಾನು ಕಪ್ಪು ಕನ್ನಡಕ ತೆಗೆದೆ. ಬೆಳಕು ಸೂಜಿಯ ಹಾಗೆ ಚುಚ್ಚಿತು. ಇವರು ಎರಡೂ ಅಂಗೈ ಸೇರಿಸಿ ಕಿಟಕಿಯ ಮೇಲಂಚಿಗೆ ಚಪ್ಪರ ಹಿಡಿದರು. ಆ ಅಂಗೈಗಳ ಕೆಳಗೆ, ಕೆಮ್ಮಣ್ಣಿನ ನನ್ನ ಸೀಮೆ ನಿದ್ದೆಯಲ್ಲಿ ಕಂಡಂತೆ ನಿಧಾನವಾಗಿ ಸರಿಯಿತು: ಮೆಕ್ಕೆಜೋಳದ ತುಂಡು ಹಸಿರು, ಗುಡ್ಡದ ಮೇಲೆ ಬೆಂಕಿಕಡ್ಡಿಯಷ್ಟಾದ ಗಾಳಿಯಂತ್ರಗಳು, ಒಂದು ಪುಟ್ಟ ಕೆರೆ, ಕೆರೆಯ ಪಕ್ಕ ಚೆಲ್ಲಿದ ಮನೆಗಳು. ಅಲ್ಲಿ ಯಾರೋ ಹುಡುಗಿ ತಲೆಯೆತ್ತಿ ಕೈಬೀಸುತ್ತಿರಬಹುದು ಅನ್ನಿಸಿ ನಾನೂ ಗಾಜಿನೊಳಗಿಂದ ಕೈಬೀಸಿದೆ. ನಾಚಿಕೆಯೇನೂ ಆಗಲಿಲ್ಲ.

"ಅದೇ ಅಲ್ವೇನ್ರಿ ನಮ್ಮೂರು?"

"ಗೊತ್ತಾಗವಲ್ದು ಕಣೇ. ಮೇಲಿಂದ ಎಲ್ಲಾ ಊರೂ ಒಂದೇ ಥರ ಅದಾವೆ" ಎಂದರು. ಮೂವತ್ತು ವರ್ಷದಲ್ಲಿ ಒಂದು ಸ್ಟಾಪನ್ನೂ ತಪ್ಪು ಹೇಳದ ಮನುಷ್ಯ. ನನ್ನ ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ.

ಎಡಗಣ್ಣು ಅರ್ಧ ಉಳಿಯಿತು. ಈ ಸಾಲುಗಳನ್ನು ದಪ್ಪಕ್ಷರದಲ್ಲಿ ನಾನೇ ಬರೆಯುತ್ತಿದ್ದೇನೆ. ಆದರೆ ಮರಳಿ ಹೊರಟ ಸಂಜೆ ಅದು ಉಳಿದೀತೆಂದು ಯಾರಿಗೂ ಗೊತ್ತಿರಲಿಲ್ಲ. ಸೂರ್ಯ ಪಡುವಣಕ್ಕೆ ಹೋಗಿದ್ದ, ವಿಮಾನ ಮೂತಿ ತಿರುಗಿಸಿತ್ತು. ಈಗ ನೆರಳೂ ಎಡಗಡೆ, ಸೊಕ್ಕೆಯೂ ಎಡಗಡೆ. ಇಡೀ ಬದುಕಿನಲ್ಲಿ ಒಂದೇ ಒಂದು ಸಲ ಎರಡೂ ಒಂದೇ ಕಿಟಕಿಗೆ ಬಂದಿದ್ದವು, ನನ್ನ ಕಣ್ಣಿಗೆ ಕಟ್ಟು ಬಿದ್ದಿತ್ತು. "ಕಿಟಕಿ ನೀವೇ ತಗಳ್ರಿ" ಎಂದೆ. ಅವರು ಕಿಟಕಿಗೆ ಸರಿದು ಕೂತರು. ನಾನು ಕತ್ತಲೆಯೊಳಗೆ ಎಂಜಿನ್ನಿನ ಜೋಗುಳ ಕೇಳುತ್ತ, ಎಲ್ಲಿದ್ದೇವೆ ಎಂದು ಕೇಳಲೂ ಹೆದರಿ ಕೂತಿದ್ದೆ.

ಎಷ್ಟು ಹೊತ್ತಾಯಿತೋ. ಅವರ ಉಸಿರು ನನ್ನ ಕಿವಿಯ ಹತ್ತಿರ ಬಂತು. ಎಲ್ಲಾ ಊರೂ ಒಂದೇ ಥರ ಎಂದಿದ್ದ ಅದೇ ಬಾಯಿ, ಬಸ್ಸಿನ ಬಾಗಿಲಲ್ಲಿ ನಿಂತವರ ದನಿಯಲ್ಲಿ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೂಗಿತು:

"ಸೊಕ್ಕೆ, ಸೊಕ್ಕೆ... ಯಾರ್ರೀ ಸೊಕ್ಕೆ ಇಳಿಯೋರು?"

ಕಟ್ಟು ಒದ್ದೆಯಾಗಬಾರದೆಂದು ಡಾಕ್ಟರು ಹೇಳಿದ್ದರು. ನಾನು ಕೈ ಎತ್ತಿ, "ನಾನು ರೀ" ಎಂದೆ.